ಎನ್ಎ, ಹಳದಿ, ಖರಾಬು: ಹೊಲದ ಮಾತಿಗೆ ಆಫೀಸಿನಾಗ ಏನು ಅರ್ಥ



ಅಕ್ಟೋಬರ್ ಚಾಟನಿ ಮುಗಿದು ಬಳ್ಳಿ ಚಿಗುರು ಒಡದಾವ. ಔಷಧದ ಪಟ್ಟಿ ಹಾಕ್ರಿ ಅಂತ ಬಾಳ ಮಂದಿ ಕೇಳ್ಯಾರ, ಅದನ್ನ ಮುಂದಿನ ಸಲ ಬರೀತೀನಿ. ಈ ಸಲ ಬೆಳಿ ಮಾತಲ್ಲ, ಕಾಗದದ ಮಾತು. ಯಾಕಂದ್ರ ಈಗ ತಿಕೋಟಾ ಬಸ್‌ಸ್ಟ್ಯಾಂಡಿನಾಗ ಕುಂತ್ರೂ ಅದ ಸುದ್ದಿ, ವಿಜಯಪುರ ಎಪಿಎಂಸಿಯೊಳಗ ನಿಂತ್ರೂ ಅದ ಸುದ್ದಿ. "ಅವಂದು ಎನ್ಎ ಆಗೇತಂತ." "ಇವಂದು ಹಳದಿಯಾಗ ಬಿದ್ದೈತಂತ." "11ಬಿ ಐತಿ, ಏನೂ ಚಿಂತಿಲ್ಲ ತಗೋರಿ." "ಖರಾಬು ಬಿಟ್ಟು ಲೆಕ್ಕಾ ಹಿಡೀರಿ." ಹೇಳಾವರಿಗೆ ಪೂರ್ತಿ ಗೊತ್ತಿರೂದಿಲ್ಲ. ಕೇಳಾವರು ಗೊತ್ತಿದ್ದಂಗ ತಲಿ ಅಲ್ಲಾಡಸ್ತಾರ. ಆಮ್ಯಾಲ ಸಹಿ ಬೀಳತೈತಿ.

ನಾನು ಎಸ್ಸೆಸ್ಸೆಲ್ಸಿ ಪಾಸಾದಾವ, ವಕೀಲ ಅಲ್ಲ. ಆದರ ನಮ್ಮ ಮನ್ಯಾಗ ಈಗ ಒಂದು ಜಮೀನಿನ ವ್ಯವಹಾರ ನಡದೈತಿ. ಅದಕ್ಕಾಗಿ ಮೂರು ತಿಂಗಳಿಂದ ಈ ಶಬ್ದಗಳ ಬೆನ್ನು ಹತ್ತೀನಿ. ಕಾಯ್ದೆ ಪುಸ್ತಕ ತರಿಸಿ ಓದಿದೆ, ತಿಳೀದ ಕಡೆ ತಿಳದವರನ್ನ ಕೇಳಿದೆ. ಗಟ್ಟಿ ಅನ್ನಿಸಿದ್ದಷ್ಟನ್ನ ಇಲ್ಲಿ ಬರದೀನಿ.

ಮೊದಲು ಒಂದು ಮಾತು ತಲಿಯೊಳಗ ಇಟ್ಕೋರಿ. ನಮ್ಮ ಕಡೆ ಜಮೀನಿನ ಶಬ್ದಗಳು ಒಂದ ಮನಿಯಿಂದ ಬಂದವಲ್ಲ. 1956ರ ತನಕ ನಾವು ಮುಂಬೈ ರಾಜ್ಯದಾಗ ಇದ್ದವರು. ಅದಕ್ಕ ಬೆಂಗಳೂರು ಕಡೆಯವರು ಪಹಣಿ ಅಂದ್ರ ನಾವು ಉತಾರ ಅಂತೀವಿ. ಅವರು ಸರ್ವೆ ಅಂದ್ರ ನಾವು ಮೋಜಣಿ. ಅವರ ಗ್ರಾಮಠಾಣ ನಮ್ಮ ಗಾವಠಾಣ. ಭೂ ಪರಿವರ್ತನೆಗೆ ನಮ್ಮ ಹಿರಿಯರು ಬಿನ್‌ಶೇತಕಿ ಅಂತಿದ್ದರು, ನಾವೀಗ ಎನ್ಎ ಅಂತೀವಿ. ಖುಷ್ಕಿ, ತರಿ, ಬಾಗಾಯತ, ಖರಾಬು ಇವು ಪಾರಸಿ-ಅರಬ್ಬಿ ಮೂಲದ್ದು, ಆದಿಲಶಾಹಿ ಊರಿನ ಮಂದಿಗೆ ಅದೇನು ಹೊಸದಲ್ಲ. ಇವುಗಳ ಮ್ಯಾಲ 1961ರ ಭೂ ಸುಧಾರಣೆ ಕಾಯ್ದೆ ಬಂತು, ಅದೇ ವರ್ಷದ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಬಂತು, 1964ರ ಏಪ್ರಿಲ್ 1ರಿಂದ ಭೂ ಕಂದಾಯ ಕಾಯ್ದೆ ಬಂತು, ಪಂಚಾಯ್ತಿಯದ್ದು ಬೇರೆ ಬಂತು. ಹಿಂಗಾಗಿ ಒಂದ ಹೊಲಕ್ಕ ಒಂದ ಹೆಸರು ಹೇಳಿದ್ರೂ ತಹಶೀಲ್ದಾರ ಕಚೇರಿಯಾಗ ಒಂದು ಅರ್ಥ, ನಗರಾಭಿವೃದ್ಧಿ ಪ್ರಾಧಿಕಾರದಾಗ ಇನ್ನೊಂದು ಅರ್ಥ, ಪಂಚಾಯ್ತಿಯಾಗ ಮತ್ತೊಂದು. ಶಬ್ದ ಕೇಳಿದ ಕೂಡಲೇ "ಇದು ಯಾವ ಆಫೀಸಿನ ಶಬ್ದ?" ಅಂತ ಕೇಳ್ರಿ. ಅರ್ಧ ಗೊಂದಲ ಅಲ್ಲೇ ಕಡಿಮಿ ಆಗತೈತಿ.

ಖುಷ್ಕಿ ಅಂದ್ರ ಒಣ ಬೇಸಾಯ, ಮಳಿ ನಂಬಿದ್ದು. ನಮ್ಮಲ್ಲಿ ಜಿರಾಯತ ಅಂತನೂ ಅಂತಾರ. ತರಿ ನೀರಿಂದು, ಬಾಗಾಯತ ತ್ವಾಟದ್ದು. ಇದರಾಗ ಏನೈತಿ, ಬರೇ ಹೆಸರಲ್ಲ ಅಂತೀರಿ. 2025ರ ಸೆಪ್ಟೆಂಬರ್‌ದಾಗ ಆಲಮಟ್ಟಿ ಅಣೆಕಟ್ಟು 519.60 ಮೀಟರಿಂದ 524.256 ಮೀಟರ್‌ಗೆ ಎತ್ತರಿಸಿದರ ಮುಳುಗುವ ಜಮೀನಿಗೆ ಸರ್ಕಾರ ದರ ನಿಗದಿ ಮಾಡಿತು. ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಜಮೀನಿಗೆ 30 ಲಕ್ಷ. ಒಂದು ಶಬ್ದಕ್ಕ ಎಕರೆಕ ಹತ್ತು ಲಕ್ಷ ಫರಕು. ನಮ್ಮ ತಿಕೋಟಾ, ಬಬಲೇಶ್ವರ ಕಡೆ ತುಬಚಿ-ಬಬಲೇಶ್ವರ ಏತ ನೀರಾವರಿ ನೀರು ಬಂದೈತಿ, ಬೋರು ಅದಾವ, ದ್ರಾಕ್ಷಿ ನಿಂತೈತಿ. ಆದರ ಎಷ್ಟು ಮಂದಿ ಉತಾರದಾಗ ಇನ್ನೂ ಖುಷ್ಕಿ ಅಂತನ ಐತಿ, ನೋಡ್ಕೊಂಡೀರೇನು? ಬೆಳೆ ಸಮೀಕ್ಷೆ ಮಾಡಾಕ ಬಂದವರು ಬೆಳಿ ಯಾವುದು, ನೀರಿನ ಮೂಲ ಯಾವುದು ಅಂತ ಬರಕೊಂಡು ಹೋಗ್ತಾರ. ಅವರಿಗೆ ಚಹಾ ಕುಡಿಸಿ ಕಳಸೂದು ಒಳ್ಳೇದ. ಏನು ಬರದ್ರು ಅಂತ ಒಂದು ಸಲ ನೋಡೂದು ಇನ್ನೂ ಒಳ್ಳೇದು.

ಇನ್ನೊಂದು ಸಣ್ಣದು. ಉತಾರದಾಗ 4-12-0 ಅಂತ ಇದ್ದರ ನಾಕು ಎಕರೆ ಹನ್ನೆರಡು ಗುಂಟೆ ಸೊನ್ನೆ ಆಣೆ ಅಂತ. ಓದಿದ ಹುಡುಗರು ಮೊಬೈಲಿನಾಗ 4.12 ಅಂತ ಒತ್ತಿ ಗುಣಾಕಾರ ಮಾಡ್ತಾರ. 40 ಗುಂಟೆಗೆ ಒಂದು ಎಕರೆ, 16 ಆಣೆಗೆ ಒಂದು ಗುಂಟೆ, ಒಂದು ಗುಂಟೆಗೆ 1,089 ಚದರ ಅಡಿ. ಹನ್ನೆರಡು ಗುಂಟೆ ಅಂದ್ರ ಎಕರೆದಾಗ 0.30, 0.12 ಅಲ್ಲ.

ಈಗ "ಕೃಷಿ" ಅನ್ನೂ ಶಬ್ದಕ್ಕ ಬರೂಣು. ಇದಕ್ಕೇನು ವ್ಯಾಖ್ಯಾನ ಬೇಕು ಅನ್ನಬ್ಯಾಡ್ರಿ, ಕಾಯ್ದೆಯಾಗ ಐತಿ. ಭೂ ಸುಧಾರಣೆ ಕಾಯ್ದೆಯಾಗ ಬೆಳಿ, ಹುಲ್ಲು, ತೋಟಗಾರಿಕೆ, ಮೀನು, ಹೈನು, ಕೋಳಿ, ದನ ಸಾಕೂದು, ಮೇಯಸೂದು ಎಲ್ಲಾ ಕೃಷಿ. ಬರೇ ಗಿಡ ಕಡಿಯೂದಷ್ಟೇ ಕೃಷಿ ಅಲ್ಲ. ಯೋಜನಾ ಕಾಯ್ದೆಯೊಳಗ ಪಟ್ಟಿ ಇನ್ನೂ ಉದ್ದ ಐತಿ. ಕುದುರಿ, ಕತ್ತಿ, ಹೇಸರಗತ್ತಿ, ಹಂದಿ, ಜೇನು ತನಕ ಬರದಾರ. ಕತ್ತಿ ಸಾಕಿದಾವನೂ ಕೃಷಿಕ ಅಂತ ನಾನು ನಮ್ಮೂರ ಕಟ್ಟಿ ಮ್ಯಾಲ ಓದಿ ಹೇಳಿದಾಗ ಮಂದಿ ನಕ್ಕ ನಕ್ಕ ಸಾಕಾದ್ರು. ಆದರ ಅದ ಕಾಯ್ದೆ ಒಂದು ಮಾತು ಹೇಳತೈತಿ: ಮನಿಗೆ ಹೊಂದಿ, ಮನಿ ಜೋಡಿ ಬಳಸಾಕ ಇರೂ ಕೈತೋಟ ಕೃಷಿ ಅಲ್ಲ. ಊರ ಹೊರಗ ಬಂಗಲೆ ಕಟ್ಟಿ ಸುತ್ತ ನಾಕು ಮಾವಿನ ಗಿಡ ಹಚ್ಚಿ "ಇದು ತ್ವಾಟ" ಅನ್ನಾವರಿಗೆ ಇದು ಗೊತ್ತಿರಬೇಕು.

ನಮ್ಮ ತಿಕೋಟಾ ಮಂದಿಗೆ ಇದಕ್ಕಿಂತ ಹತ್ತಿರದ ಶಬ್ದ ಇನ್ನೊಂದು ಐತಿ, "ಕೃಷಿ ಕಟ್ಟಡ" ಅಥವಾ "ಫಾರ್ಮ್ ಹೌಸ್". ಯಾಕಂದ್ರ ನಮಗೆಲ್ಲಾ ಮಣೂಕದ ಶೆಡ್ಡು ಬೇಕು. ದ್ರಾಕ್ಷಿ ಕೊಯ್ದು, ಡಿಪ್ಪಿಂಗ್ ಆಯಿಲಿನಾಗ ಅದ್ದಿ, ಅಂತಸ್ತಿನ ಮ್ಯಾಲ ಹರವಿ, ಸುತ್ತ ಪರದೆ ಕಟ್ಟಿ ಒಣಸೂ ಶೆಡ್ಡು. ಹೋದ ವರ್ಷ ನಮ್ಮೂರಾಗ ಒಬ್ಬಂವ, ನನಗ ವಾರಿಗೆಯಾವ, ಕೇಳಿದ: "ಶೆಡ್ಡು ಹಾಕಾಕ ಎನ್ಎ ಬೇಕೇನೋ? ಒಬ್ಬರು ಬೇಕು ಅಂತಾರ, ಒಬ್ಬರು ಬ್ಯಾಡ ಅಂತಾರ."

ಇಬ್ಬರೂ ಖರೇ. ಭೂ ಕಂದಾಯ ಕಾಯ್ದೆಯ ಕಲಂ 95ರಾಗ ಮೊದಲನೇ ಮಾತೇ ಅದು. ಕೃಷಿ ಜಮೀನು ಹಿಡಿದಾವ ಅದರಾಗ ಕೃಷಿ ಕಟ್ಟಡ ಕಟ್ಟಬಹುದು, ಬಾವಿ ತೋಡಬಹುದು, ಜಮೀನು ಸುಧಾರಣೆ ಮಾಡಬಹುದು. ಅದಕ್ಕ ಎನ್ಎ ಬೇಕಾಗಿಲ್ಲ. ಆದರ ಕೃಷಿ ಕಟ್ಟಡ ಅಂದ್ರ ಏನು ಅಂತ ಅದ ಕಾಯ್ದೆಯಾಗ ಬ್ಯಾರೆ ಬರದೈತಿ. ಸಾಮಾನು, ಗೊಬ್ಬರ, ಮೇವು ಇಡೂದು. ಬೆಳದದ್ದನ್ನ ಇಡೂದು. ದನ ಕಟ್ಟೂದು. ಮನಿ ಮಂದಿ, ಆಳು ಮಕ್ಕಳು ಇರೂದು. ಇಲ್ಲಂದ್ರ ಬೇಸಾಯದ ಭಾಗನ ಆಗಿರೂ ಬ್ಯಾರೆ ಉದ್ದೇಶ. ಈ ಪಟ್ಟಿಗಿಂತ ದೊಡ್ಡ ಮಾತು ಅದರ ಮುಂದಿನ ಸಾಲಿನಾಗ ಐತಿ, ಅದನ್ನ ಬಾಳ ಮಂದಿ ಓದೂದ ಇಲ್ಲ. ಆ ಉದ್ದೇಶ ಅದೇ ಜಮೀನಿಗೆ ಸಂಬಂಧ ಇರಬೇಕು, ಇಲ್ಲಾ ಅದೇ ರೈತನ ಬ್ಯಾರೆ ಜಮೀನಿಗೆ, ಅವನು ಸಾಗುವಳಿ ಮಾಡೂ ಜಮೀನಿಗೆ ಸಂಬಂಧ ಇರಬೇಕು.

ಅಂದ್ರ ಪ್ರಶ್ನೆ ಶೆಡ್ಡು ಎಷ್ಟು ದೊಡ್ಡದು, ತಗಡಿಂದೋ ಪರದೆಯದೋ ಅಂತಲ್ಲ. ಒಳಗ ಯಾರ ಮಣೂಕ ಐತಿ ಅಂತ. ನಿನ್ನ ಬಳ್ಳಿಯದ್ದು, ನೀನು ಲಾವಣಿ ಹಿಡಿದು ಮಾಡಿದ ಬಳ್ಳಿಯದ್ದು ಒಣಗಿಸಿದರ ಅದು ಬೇಸಾಯದ ಕೆಲಸ. ಸೀಜನ್ನಿನಾಗ ಊರ ಮಂದಿ ಮಾಲು ಬಾಡಿಗಿ ಮ್ಯಾಲ ಒಣಗಿಸಿ, ಗ್ರೇಡಿಂಗ್ ಮಶೀನ್ ಇಟ್ಟು, ಖರೀದಿ ಮಾಡಿ ತಾಸಗಾಂವಕ ಕಳಸಾಕ ಸುರು ಮಾಡಿದರ ಅದು ಧಂಧೆ, ಅದಕ್ಕ ಪರಿವರ್ತನೆ ಬೇಕು. ಕೋಲ್ಡ್ ಸ್ಟೋರೇಜ್ ಕಟ್ಟಾವರಿಗೆ ಇದು ಗೊತ್ತೈತಿ, ಬ್ಯಾಂಕಿನವರ ಮೊದಲ ಕೇಳ್ತಾರ. ಸಣ್ಣ ಶೆಡ್ಡಿನವರಿಗೆ ಯಾರೂ ಕೇಳೂದಿಲ್ಲ. ಬಾಜೂದವನ ಜೋಡಿ ಜಗಳ ಆಗಿ ಅವನು ಅರ್ಜಿ ಕೊಟ್ಟ ದಿನ ಕೇಳ್ತಾರ. ನನ್ನ ಗೆಳೆಯಗ ನಾನು ಇಷ್ಟ ಹೇಳಿದೆ: ನಿನ್ನ ಮಾಲಿನ ಪಟ್ಟಿ, ಎಪಿಎಂಸಿ ಪಾವತಿ ತಗದ ಇಡು, ಶೆಡ್ಡು ಯಾರದಂತ ಅವ ಹೇಳ್ತಾವ.

ಫಾರ್ಮ್ ಹೌಸಿಗೆ ಇನ್ನೊಂದು ಮಿತಿ ಐತಿ. ಹಿಡುವಳಿಯ ನೂರಕ್ಕ ಹತ್ತರ ಒಳಗ ಇರಬೇಕು. ನಂದು 4 ಎಕರೆ 12 ಗುಂಟೆ, ಅಂದ್ರ 172 ಗುಂಟೆ. ಹತ್ತನೇ ಭಾಗ 17 ಗುಂಟೆ ಮ್ಯಾಲ ಸ್ವಲ್ಪ. ನನ್ನಂಥವನಿಗೆ ಅದು ಎಂದೂ ತುಂಬೂದಿಲ್ಲ. ಎರಡು ಎಕರೆದಾಗ ಮಂಗಲ ಕಾರ್ಯಾಲಯದಷ್ಟು ಕಟ್ಟಿ ಫಾರ್ಮ್ ಹೌಸ್ ಅನ್ನಾವರಿಗೆ ತುಂಬತೈತಿ.

ಅಥಣಿ ರಸ್ತೆಕ ಹಚ್ಚಿ ಕಟ್ಟಾವರು ಅಳತಿ ಟೇಪು ತಗೊಂಡ ಹೋಗ್ರಿ. ಬಯಲು ಕಡೆ ಹೆದ್ದಾರಿಗೆ ರಸ್ತೆ ನಡುವಿಂದ 40 ಮೀಟರ್‌ಗೆ ಕಟ್ಟಡ ರೇಖೆ, 75 ಮೀಟರ್‌ಗೆ ನಿಯಂತ್ರಣ ರೇಖೆ ಅಂತ ಹಿಡೀತಾರ. ರಸ್ತೆ ಅಂಚಿನಿಂದ ಅಲ್ಲ, ನಡುವಿಂದ.

ಬಬಲೇಶ್ವರ ತಾಲೂಕಿನ ಹಳ್ಳಿಯೊಳಗ ನಮ್ಮ ಅಕ್ಕನ ಮಗ ಇರ್ತಾನ. 2018ರಾಗ ತಿಕೋಟಾ, ಬಬಲೇಶ್ವರ ಎರಡೂ ತಾಲೂಕು ಆದವಲ್ಲ, ಅಂದಿನಿಂದ ಅಲ್ಲೂ ಪ್ಲಾಟ್ ಧಂಧೆ ಜೋರು. ಮೊನ್ನೆ ಫೋನ್ ಮಾಡಿ "ಮಾವಾ, ಎರಡು ಗುಂಟೆ ಪ್ಲಾಟ್ ಐತ್ರೀ, ಉತಾರ ಪಕ್ಕಾ ಐತಿ, ಹನ್ನೊಂದು ಐತಿ" ಅಂದ. "ಹನ್ನೊಂದು ಯಾವುದಪ್ಪಾ?" ಅಂದೆ. ಸುಮ್ಮನಾದ. ಹನ್ನೊಂದು ಮೂರು ಅದಾವ್ರಿ. ಪಂಚಾಯ್ತಿಯ ಇ-ಸ್ವತ್ತಿನಾಗ ನಮೂನೆ 9 ಮತ್ತ 11ಎ ಬರೂದು ಗಾವಠಾಣದೊಳಗಿನ ಜಾಗಕ್ಕ, ಇಲ್ಲಂದ್ರ ಪರಿವರ್ತನೆ ಆಗಿ ಲೇಔಟ್ ಮಂಜೂರಿ ಆದ ಪ್ಲಾಟಿಗೆ. 11ಬಿ ಬರೂದು ಅದಿಲ್ಲದ ಆಸ್ತಿಗೆ. 11ಬಿ ಇದ್ದಾವ ಕರ ಕಟ್ಟತಾನ, ಪಾವತಿ ಸಿಗತೈತಿ. ಕರದ ಪಾವತಿ ಅಂದ್ರ ಕಟ್ಟಾಕ ಪರವಾನಗಿ ಅಲ್ಲ, ಎನ್ಎ ಆದಂಗೂ ಅಲ್ಲ. ಇನ್ನ 11ಇ ಅನ್ನೂದು ಪಂಚಾಯ್ತಿಗೆ ಸಂಬಂಧನ ಇಲ್ಲ. ಅದು ಮೋಜಣಿ ಇಲಾಖೆ ನಕಾಶಿ, ಹೊಲದಾಗ ಒಂದು ಭಾಗ ಮಾರಾಕ, ವಾಟ್ನಿ ಮಾಡಾಕ ನೋಂದಣಿ ಮುಂಚೆ ಬೇಕು. ಒಬ್ಬ ಏಜೆಂಟ 11ಇ ನಕಾಶಿ ತೋರಿಸಿ "ನೋಡ್ರಿ ಸರ್ಕಾರಿ ನಕಾಶಿ, ಲೇಔಟ್ ಆಗೇತಿ" ಅಂದದ್ದನ್ನ ನಾನ ಕಿವಿಯಾರೆ ಕೇಳೀನಿ. ಅಳಿಯನಿಗೆ ಇಷ್ಟ ಹೇಳಿದೆ: 9 ಮತ್ತ 11ಎ ತೋರಸು ಅನ್ನು, ಇಲ್ಲಂದ್ರ ಆ ರೊಕ್ಕದಾಗ ಎರಡು ಎಮ್ಮಿ ಕಟ್ಟು.

ಇನ್ನ ನಮ್ಮ ಮನಿ ವ್ಯವಹಾರ.

ನಮ್ಮ ಮುತ್ಯಾಂದು ತೊರವಿ ಕಡೆ ಒಂದು ಹೊಲ ಇತ್ತು. ವಾಟ್ನಿಯಾಗ ಅದು ನನ್ನ ತಂಗಿ ಪಾಲಿಗೆ ಬಂದೈತಿ, ನನಗ ತಿಕೋಟಾ ಕಡೆದ್ದು. ಆಗ ಅಕಿಂದು ಹುರುಳಿಲ್ಲದ ಹೊಲ ಅಂತ ಎಲ್ಲಾರೂ ಅಂದಿದ್ರು. ಈಗ ಊರು ಬೆಳದು ಬೆಳದು ಆ ಕಡೆ ಬಂದೈತಿ, ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯನೂ ಅಲ್ಲೇ ಐತಿ, ಹೊಲಕ್ಕ ರೇಟು ಬಂದೈತಿ. ತಂಗಿಗೆ ಮಗಳ ಲಗ್ನ ಮಾಡೂದೈತಿ, ಸೊಸೈಟಿ ಸಾಲ ಐತಿ. ಒಬ್ಬ ಏಜೆಂಟ ಸಂಚಕಾರದ ಕಾಗದ ತಯಾರ ಮಾಡಿಕೊಂಡ ಬಂದ. ಅಕಿ ಸಹಿ ಮಾಡೂ ಮುಂಚೆ ನನಗ ಹೇಳಿ ಕಳಿಸಿದಳು.

ಕಾಗದದಾಗ ಎರಡು ಮಾತು ಇದ್ದುವು. ಒಂದು, "ಜಮೀನು ಹಳದಿ ವಲಯದಲ್ಲಿದ್ದು ಬಿನ್‌ಶೇತಕಿ ಆದಂತೆಯೇ ಇರುತ್ತದೆ." ಎರಡು, "ಖರಾಬು ಕಳೆದು ಉಳಿದ 2 ಎಕರೆ 30 ಗುಂಟೆಗೆ ಮಾತ್ರ ಹಣ ಸಂದಾಯ."

ಹಳದಿ ಮೊದಲು. ಹಳದಿ ಅನ್ನೂದು ಕಂದಾಯದ ಶಬ್ದನ ಅಲ್ಲ. ಊರ ಸುತ್ತ ಇಂತಿಂಥ ಹಳ್ಳಿ ಕೂಡಿಸಿ ಸ್ಥಳೀಯ ಯೋಜನಾ ಪ್ರದೇಶ ಅಂತ ಮಾಡ್ತಾರ, ಅದಕ್ಕ ಮಾಸ್ಟರ್ ಪ್ಲಾನ್ ಅಂತ ನಕಾಶಿ ಇರತೈತಿ. ಅದರಾಗ ವಾಸಕ್ಕ ಹಳದಿ, ವ್ಯಾಪಾರಕ್ಕ ನೀಲಿ, ಕಾರಖಾನೆಗೆ ನೇರಳೆ, ಉದ್ಯಾನಕ್ಕ ಹಸಿರು, ಕೃಷಿಗೆ ತಿಳಿ ಹಸಿರು. ನಿಮ್ಮ ಊರು ಆ ಪ್ರದೇಶದ ಪಟ್ಟಿಯಾಗ ಇಲ್ಲಂದ್ರ ನಿಮಗ ಹಳದಿನೂ ಇಲ್ಲ, ಹಸಿರೂ ಇಲ್ಲ. ಇದ್ದವರು ನಕಾಶಿ ಮೂಲ್ಯಾಗಿನ ಬಣ್ಣದ ಪಟ್ಟಿ ಸರಿಯಾಗಿ ನೋಡ್ರಿ. ಎರಡು ಹಸಿರಿನಾಗ ಬಾಳ ಫರಕು ಐತಿ. ತಿಳಿ ಹಸಿರು ಅಂದ್ರ ಹೊಲ ಹೊಲ ಆಗಿನ ಇರಲಿ ಅಂತ. ದಟ್ಟ ಹಸಿರು ಅಂದ್ರ ನಿಮ್ಮ ಹೊಲ ಮುಂದ ಉದ್ಯಾನ ಆಗಲಿ ಅಂತ ಯಾರೋ ಕುಂತು ಬರದಾರ ಅಂತ. ಒಂದ ಸರ್ವೆ ನಂಬರಿನ ಅರ್ಧ ಒಂದು ಬಣ್ಣ, ಅರ್ಧ ಇನ್ನೊಂದು ಬಣ್ಣ ಇರೂದೂ ಐತಿ.

ಹಳದಿ ಬಿತ್ತು ಅಂದ್ರ ಮುಂದ ಇಲ್ಲಿ ಮನಿ ಆದರ ಅಡ್ಡಿಯಿಲ್ಲ ಅನ್ನೂ ಇರಾದೆ ಅಷ್ಟ. ಹೊಲ ಇನ್ನೂ ಹೊಲನ. ನೀವು ಬಿತ್ತೂದಕ್ಕ ಯಾರೂ ತಡೆಯೂದಿಲ್ಲ. ಮನಿ ಕಟ್ಟಬೇಕಂದ್ರ, ಪ್ಲಾಟ್ ಮಾಡಬೇಕಂದ್ರ ಕಲಂ 95ರ ಪ್ರಕಾರ ಜಿಲ್ಲಾಧಿಕಾರಿ ಕಡೆ ಪರಿವರ್ತನೆಗೆ ಹೋಗಬೇಕು, ಫೀ ಕಟ್ಟಬೇಕು. ಅದು ಎನ್ಎ. ಬಣ್ಣ ಹೊಂದಿದ್ದರ ಆ ದಾರಿ ಹಗುರ ಆಗತೈತಿ, ದಾರಿ ತಪ್ಪೂದಿಲ್ಲ. ಆಮ್ಯಾಲ ಲೇಔಟ್ ನಕಾಶಿ ಮಂಜೂರಿ ಬ್ಯಾರೆ, ಅದರಾಗ ರಸ್ತಾ, ಉದ್ಯಾನ, ನಾಗರಿಕ ಸೌಲಭ್ಯದ ಜಾಗ ಬಿಡಬೇಕು. ಬಣ್ಣನ ಬ್ಯಾರೆ ಇದ್ದರ, ತಿಳಿ ಹಸಿರಿನಾಗ ಮನಿ ಬೇಕಂದ್ರ, ಮೊದಲು ಯೋಜನಾ ಕಾಯ್ದೆಯ ಕಲಂ 14ಎ ಪ್ರಕಾರ ಪ್ರಾಧಿಕಾರದಾಗ ಭೂ ಉಪಯೋಗ ಬದಲಾವಣೆ. ಭೂ ಪರಿವರ್ತನೆ, ಭೂ ಉಪಯೋಗ ಬದಲಾವಣೆ, ಎರಡೂ ಕಿವಿಗೆ ಒಂದ ಕೇಳಸ್ತಾವ. ಕಾಯ್ದೆ ಬ್ಯಾರೆ, ಆಫೀಸು ಬ್ಯಾರೆ, ಫೀ ಬ್ಯಾರೆ. ಏಜೆಂಟರು ಒಂದರ ಪಾವತಿ ತೋರಿಸಿ ಎರಡೂ ಆಗೇತಿ ಅಂತಾರ.

ಭೂ ಉಪಯೋಗ ಬದಲಾವಣೆಗೆ ಪೇಪರಿನಾಗ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕೇಳ್ತಾರ. ಆ ಸಣ್ಣಕ್ಷರದ ಪ್ರಕಟಣೆ ಓದೂ ರೂಢಿ ಇಟ್ಕೋರಿ. ಬಾಜೂ ಹೊಲದ ನಂಬರು ಅದರಾಗ ಬಂದರ, ಧೂಳಿನ ಕಾರಖಾನೆ ಬರೂದಿದ್ದರ, ಬಾಯಿ ಬಿಡೂ ವ್ಯಾಳ್ಯಾ ಅದ. ದ್ರಾಕ್ಷಿಯವರಿಗೆ ಧೂಳು ಅಂದ್ರ ಏನು ಅಂತ ನಾನು ಹೇಳಬೇಕಾಗಿಲ್ಲ.

"ಆದಂತೆಯೇ ಇರುತ್ತದೆ" ಅಂತ ಯಾಕ ಬರದಿ ತಮ್ಮಾ ಅಂತ ಏಜೆಂಟಗ ಕೇಳಿದೆ. "ಕಾಕಾ, ಅದೊಂದು ಮಾತ್ರೀ" ಅಂದ. ಆ ಒಂದು ಮಾತಿನಿಂದ ಏನಾಕ್ಕಿತ್ತು ಅಂದ್ರ, ನಾಳೆ ಪ್ಲಾಟ್ ತಗೊಂಡಾವರು ತಿರುಗಿ ಬಿದ್ದರ "ಎನ್ಎ ಆಗೇತಿ ಅಂತ ಮಾಲಕಿನ ಬರದ ಕೊಟ್ಟಾಳ" ಅಂತ ತಂಗಿ ಮ್ಯಾಲ ಬರ್ತಿತ್ತು. ಆ ಸಾಲು ತಗಿಸಿದೆವು.

ಖರಾಬು ತಗಿಯಾಕ ಮಾತ್ರ ಅಷ್ಟು ಸಲೀಸ ಆಗಲಿಲ್ಲ. ಉತಾರದ ಮೂರನೇ ಕಾಲಂ ನೋಡ್ರಿ. ಒಟ್ಟು ವಿಸ್ತೀರ್ಣ, ಅದರ ಕೆಳಗ ಫೂಟ್ ಖರಾಬು (ಅ), ಅದರ ಕೆಳಗ ಫೂಟ್ ಖರಾಬು (ಬ), ಆಮ್ಯಾಲ ಉಳಿದದ್ದು. ತಂಗಿ ಉತಾರದಾಗ ಒಟ್ಟು 3-05, ಅ ಖರಾಬು 0-09, ಬ ಖರಾಬು 0-06, ಉಳಿದದ್ದು 2-30. ಏಜೆಂಟ ಎರಡೂ ಕಳದಿದ್ದ.

"ಖರಾಬಿಗೆ ಯಾರರೆ ರೊಕ್ಕಾ ಕೊಡ್ತಾರೇನ್ರೀ ಕಾಕಾ? ಖರಾಬು ಅಂದ್ರ ಖರಾಬು."

ಖರಾಬು ಅಂದ್ರ ಕೆಟ್ಟದ್ದು ಅಂತ ನಮ್ಮ ಬಾಯಾಗ. ಮೋಜಣಿ ಮಾಡಿದವರ ಬಾಯಾಗ ಅದರ ಅರ್ಥ, ಕಂದಾಯ ಹಾಕಲಾರದ್ದು ಅಂತ ಅಷ್ಟ. ಯಾಕ ಹಾಕಲಿಲ್ಲ ಅನ್ನೂದಕ್ಕ ಎರಡು ಕಾರಣ, ಅದಕ್ಕ ಎರಡು ಅಕ್ಷರ. 1966ರ ಭೂ ಕಂದಾಯ ನಿಯಮಗಳ 21ನೇ ನಿಯಮದಾಗ ಐತಿ. ಅ ಖರಾಬು ಅಂದ್ರ ಮೋಜಣಿ ಕಾಲಕ್ಕ ಬೇಸಾಯಕ್ಕ ಬರಲಾರದ್ದು ಅಂತ ಬಿಟ್ಟದ್ದು, ಅದರಾಗ ಆ ರೈತನ ಕೃಷಿ ಕಟ್ಟಡ, ಕಣ ಸೈತ ಬರ್ತಾವ ಅಂತ ಹೆಸರು ಹಿಡಿದು ಬರದಾರ. ಬ ಖರಾಬು ಅಂದ್ರ ಸಾರ್ವಜನಿಕ ಉದ್ದೇಶಕ್ಕ ಇಟ್ಟದ್ದು, ರಸ್ತೆ, ಮಂದಿ ಓಡಾಡೂ ಕಾಲುದಾರಿ, ಬ್ಯಾರೇವರು ನೀರಿಗೆ ಬಳಸೂ ಕೆರಿ-ಹಳ್ಳ, ಸುಡುಗಾಡು, ಕುಂಬಾರರಿಗೆ ಮಣ್ಣಿಗೆ ಬಿಟ್ಟದ್ದು. ಅ ಖರಾಬು ಹೊಲದ ಧಣಿಯದ್ದ. ಬ ಖರಾಬು ಧಣಿಯದ್ದಲ್ಲ, ಮಾರಾಕ ಬರೂದಿಲ್ಲ.

ಇದನ್ನ ಓದಿ ಹೇಳಿದಾಗ ತಂಗಿ, "ಅಣ್ಣಾ, ಆ ಒಂಬತ್ತು ಗುಂಟೆ ಅಂದ್ರ ಮುತ್ಯಾನ ಕಣ ಅಲ್ಲೇನು?" ಅಂದಳು. ಹೌದು. ಕಣ, ಅದರ ಬಾಜೂ ದನದ ಕೊಟ್ಟಿಗಿ. ನಾವು ಸಣ್ಣವರಿದ್ದಾಗ ಜ್ವಾಳದ ತೆನಿ ಹಾಕಿ ಹಂತಿ ಹೊಡೀತಿದ್ದರು, ರಾತ್ರಿ ಅಲ್ಲೇ ಮಲಗತಿದ್ದೆವು. ಕಣ ಅಂದ್ರ ಹೊಲದಾಗಿನ ಎಲ್ಲಾಕ್ಕಿಂತ ಗಟ್ಟಿ, ಎಲ್ಲಾಕ್ಕಿಂತ ಎತ್ತರದ ಜಾಗ. ಬೇಸಾಯಕ್ಕ ಬ್ಯಾಡಾದದ್ದು ಮನಿ ಕಟ್ಟಾಕ ಪೈಲಾ ನಂಬರಿನ ಜಾಗ. 9 ಗುಂಟೆ ಅಂದ್ರ 9,801 ಚದರ ಅಡಿ. ಮೂವತ್ತು-ನಲವತ್ತರ ಪ್ಲಾಟ್ ಲೆಕ್ಕದಾಗ ಎಂಟು ಪ್ಲಾಟಿನಷ್ಟು ಜಾಗ ಖರಾಬು ಅನ್ನೂ ಹೆಸರಿನ ಮ್ಯಾಲ ಪುಕ್ಕಟೆ ಹೋಗ್ತಿತ್ತು.

ಏಜೆಂಟಗ ನಾನಂದೆ, "ತಮ್ಮಾ, ಅ ಖರಾಬಿಗೂ ರೊಕ್ಕಾ ಕೊಡು, 2 ಎಕರೆ 39 ಗುಂಟೆ ಬರಿ. ಬ ಖರಾಬಿಗೆ ಬ್ಯಾಡ, ಅದು ನಮ್ಮದಲ್ಲ. ನಮ್ಮದಲ್ಲಾದ್ದು ನಿನಗೂ ಬರೂದಿಲ್ಲ." ಅವ ಮೊದಲನೇದಕ್ಕ ಒಂದು ತಾಸು ವಾದ ಹಾಕಿ ಒಪ್ಪಿದ. ಎರಡನೇದಕ್ಕ ಒಂದು ನಿಮಿಷದಾಗ ಒಪ್ಪಿದ. ಅದ ನನಗ ಸಂಶಯ ಬಂತು. "ನಿನ್ನ ಪ್ಲಾಟಿನ ನಕಾಶಿ ತೋರಸು" ಅಂದೆ. ಪೆನ್ಸಿಲಿನಾಗ ಹಾಕಿದ್ದ ಕಚ್ಚಾ ನಕಾಶಿ ತಗದ. ಆರು ಗುಂಟೆ ಬಂಡಿ ದಾರಿ ಅದರಾಗ ಇರಲೇ ಇಲ್ಲ. ದಾರಿ ಮ್ಯಾಲ ಪ್ಲಾಟ್ ನಂಬರು ಬರದಿದ್ದ. ರೊಕ್ಕಾ ಕೊಡಾಕ ಬ ಖರಾಬು ಲೆಕ್ಕಕ್ಕಿಲ್ಲ, ಮಾರಾಕ ಮಾತ್ರ ಲೆಕ್ಕಕ್ಕೈತಿ.

"ಅದನ್ನ ಆಮ್ಯಾಲ ಅಡ್ಜಸ್ಟ್ ಮಾಡ್ತೀವ್ರಿ ಕಾಕಾ."

ಆ ಬಂಡಿ ದಾರಿ ಹಿಂದ ನಾಕು ಮನಿತನದ ಹೊಲ ಅದಾವ. ಒಬ್ಬರದು ತೊಗರಿ, ಉಳಿದವರದು ಬಿಳಿ ಜ್ವಾಳ, ಕಡ್ಲಿ. ಅವರಿಗೆ ಹೊಲಕ್ಕ ಹೋಗಾಕ ಅದೊಂದ ದಾರಿ. ಅವರ ಉತಾರದಾಗ ಆ ದಾರಿ ಸುದ್ದಿನ ಇಲ್ಲ, ಯಾಕಂದ್ರ ದಾರಿ ಇರೂದು ತಂಗಿ ಸರ್ವೆ ನಂಬರಿನಾಗ. ಅವರ ಕಡೆ ಇರೂ ಆಧಾರ ಎರಡ. ಹಳೇ ಗ್ರಾಮ ನಕಾಶಿಯಾಗಿನ ಚುಕ್ಕಿ ಗೆರಿ, ಮತ್ತ ತಂಗಿ ಉತಾರದಾಗಿನ "ಬ" ಅನ್ನೂ ಒಂದು ಅಕ್ಷರ. ಇದು ಅವರಿಗೆ ಗೊತ್ತೂ ಇರಲಿಲ್ಲ. ನಿಮಗೂ ಹಂಗ ಇರಬಹುದು. ನಿಮ್ಮ ಹೊಲದ ದಾರಿ ಯಾರ ಸರ್ವೆ ನಂಬರಿನಾಗ ಐತಿ, ಅಲ್ಲಿ ಬ ಖರಾಬು ಅಂತ ನಮೂದು ಐತೋ ಇಲ್ಲೋ ಅಂತ ನೋಡ್ಕೋರಿ. ಉತಾರ ಯಾರದು ಬೇಕಾದ್ರೂ ತಗೀಬಹುದು, ನಾಡ ಕಚೇರಿಯಾಗ ಸರ್ವೆ ನಂಬರು ಹೇಳಿದರ ಸಾಕು. ಅ ಅಂತ ಇರೂದನ್ನ ಬ ಮಾಡಸಾಕ, ಬ ಇರೂದನ್ನ ಅ ಮಾಡಸಾಕ ಓಡಾಡೂ ಮಂದಿ ಇರ್ತಾರ. ಕೈಬರಹದ ಹಳೇ ಉತಾರದ ನಕಲು ಒಂದು ತಗದ ಇಟ್ಟಿರ್ರಿ.

ತಂಗಿ ಇನ್ನೂ ಸಹಿ ಮಾಡಿಲ್ಲ. 2-39 ಬರದು, ದಾರಿಯನ್ನ ದಾರಿ ಅಂತನ ತೋರಿಸಿ ಕಾಗದ ತಾ ಅಂತ ಏಜೆಂಟಗ ಹೇಳಿ ಕಳಿಸ್ಯಾಳ. ಅವ ಎರಡು ವಾರ ಆತು, ಬಂದಿಲ್ಲ. ಬರಬಹುದು, ಬ್ಯಾರೆಯವನೂ ಬರಬಹುದು. ಅಲ್ಲೀ ತನಕ ಹೊಲ ಬೀಳು ಬಿಡೂದ್ಯಾಕ ಅಂತ ಅಕಿ ಹಿಂಗಾರಿಗೆ ಕಡ್ಲಿ ಹಾಕ್ಯಾಳ.

ಹದ್ದುಬಸ್ತಿಗೆ ಅರ್ಜಿ ಕೊಟ್ಟೀವಿ. ಮೋಜಣಿದಾರರು ಬಂದು ಕಣ ಎಲ್ಲಿಂದ ಎಲ್ಲಿ ತನಕ, ದಾರಿ ಎಲ್ಲಿಂದ ಎಲ್ಲಿ ತನಕ ಅಂತ ಕಲ್ಲು ತೋರಸಬೇಕು. ಹಿಂದಿನ ಹೊಲದ ಆ ನಾಕೂ ಮಂದಿಗೆ ಸುದ್ದಿ ಮುಟ್ಟಿಸಿದೆ. ತಂಗಿ ಉತಾರದ ನಕಲು ಒಂದೊಂದು ತಗಸಿಕೊಂಡಾರ. ತಾರೀಖು ಬಂದ ದಿನ ಬಂಡಿ ಹೂಡಿಕೊಂಡ ಬರ್ತೀವಿ ಅಂದಾರ.